ವಿನೆಗರ್‌ನವರು ತಲುಪಿಸಿದ ಸಂದೇಶ

ನಾನು ಕೆಲಸ ಮಾಡುವ ತಿಯಾ ಕುಲಾಸ ವಿನೆಗರ್ ಕಾರ್ಖಾನೆಯ ಜಾಹೀರಾತಿನ ದುಡ್ಡನ್ನು ರೇಡಿಯೋದಿಂದ ಕಿತ್ತು ಇಂಟರ್ನೆಟ್ಟಿಗೆ ಸುರಿಯುವಂತೆ ಯಜಮಾನಿಯ ತಲೆಗೆ ತುಂಬಿದವಳು ನಾನೇ. ನಮ್ಮ ಇಲೋಯಿಲೋ ನಗರದಲ್ಲಿ ಈಗ ಎಲ್ಲರೂ ಅದನ್ನೇ ಮಾಡುತ್ತಾರೆ. ಬೇಕರಿಯವನಿಂದ ಹಿಡಿದು ಶವಪೆಟ್ಟಿಗೆ ಮಾರುವವನವರೆಗೆ. ವರ್ಷದಿಂದ ವರ್ಷಕ್ಕೆ ಆ ಖರ್ಚು ಏರುತ್ತಲೇ ಇದೆ. "ರೇಡಿಯೋ ಕೇಳೋರು ಯಾರಿದಾರೆ ಮೇಡಂ, ಎಲ್ಲರ ಕೈಲೂ ಫೋನಿದೆ" ಅಂದಿದ್ದೆ. ಎಷ್ಟು ಸಲೀಸಾಗಿ ಅಂದೆನೆಂದರೆ, ನೆನೆದರೆ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಾನೊಂಗ್ ಎಲ್ಪಿಡಿಯೊ, ಅಂದರೆ ಊರಿಗೆಲ್ಲ ಎಲ್ಪಿಡಿಯೊ ಅಣ್ಣ, ರೇಡಿಯೋದಲ್ಲಿ ಓದುವ ಮಧ್ಯಾಹ್ನದ ಸಂದೇಶಗಳು ನಡೆಯುತ್ತಿದ್ದುದು ಆ ದುಡ್ಡಿನಲ್ಲೇ. ಬೆಟ್ಟದ ಮೇಲಿನ ಊರುಗಳಲ್ಲಿ ಫೋನಿನ ಸಿಗ್ನಲ್ ಸಿಗುವುದಿಲ್ಲ. ಹೆರಿಗೆ, ಸಾವು, ಕಳೆದುಹೋದ ಎಮ್ಮೆ, ಏನಿದ್ದರೂ ಸುದ್ದಿ ಅವರ ಬಾಯಿಂದಲೇ ತಲುಪಬೇಕು. ಈ ಶುಕ್ರವಾರಕ್ಕೆ ಕಾರ್ಯಕ್ರಮ ಕೊನೆ ಎಂದು ಸ್ಟೇಷನ್ನಿನವರು ಅವರಿಗೆ ಹೇಳಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಅಪ್ಪ ಎದೆ ಹಿಡಿದುಕೊಂಡು ಕುಸಿದರು. ಮರುದಿನ ಸಂಜೆ ಆಪರೇಷನ್. ಏನೂ ಹೇಳುವಂತಿಲ್ಲ ಎಂದರು ಡಾಕ್ಟರು. ಅಪ್ಪ ಕೇಳಿದ್ದು ತಮ್ಮ ತಾಯಿಯನ್ನು. ನಾವು ಲೋಲ ಎಂದು ಕರೆಯುವ ಆ ಅಜ್ಜಿ ಇರುವುದು ಬೆಟ್ಟದ ತುದಿಯಲ್ಲಿ. ಅಲ್ಲಿಗೆ ದಿನಕ್ಕೊಂದೇ ಜೀಪ್ನಿ ಬಸ್ಸು, ಅದು ಆಗಲೇ ಹೊರಟುಹೋಗಿತ್ತು.

ಬೇರೆ ದಾರಿ ಕಾಣದೆ ರೇಡಿಯೋ ಸ್ಟೇಷನ್ನಿಗೆ ಓಡಿದೆ.

"ಬಾ ಇಂದಾಯ್, ಬಾ ಹುಡುಗಿ. ಯಾಕೆ, ಇಂಟರ್ನೆಟ್ಟಲ್ಲಿ ಹಾಕ್ಲಿಲ್ವಾ?" ಎಂದು ರೇಗಿಸಿದ ಮಾನೊಂಗ್ ನನ್ನ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದರು.

ವಿಷಯ ಹೇಳಿದೆ. ಆಮೇಲೆ ತಡೆದುಕೊಳ್ಳಲಾಗಲಿಲ್ಲ. "ಮಾನೊಂಗ್, ನಿಮ್ಮ ಹೊಟ್ಟೆ ಮೇಲೆ ಹೊಡೆದೋಳು ನಾನೇ."

"ಗೊತ್ತು. ನಿಮ್ಮ ಮೇಡಮ್ಮೇ ಹೇಳಿದ್ರು, ಹುಡುಗಿ ಬಲು ಚುರುಕು ಅಂತ. ಅಳೋದು ಆಮೇಲೆ ಇಟ್ಕೋ. ಅಜ್ಜಿ ಹೆಸರು ಹೇಳು."

ಮೈಕಿನ ಮುಂದೆ ನಿಧಾನವಾಗಿ ಓದಿದರು: "ಲೋಲ ಪಾಸಿಂಗ್ ಅವರೇ, ನಿಮ್ಮ ಮಗ ಆಸ್ಪತ್ರೇಲಿದಾನೆ. ನಾಳೆ ಬೆಳಿಗ್ಗೆ ಜೀಪ್ನಿಗೇ ಬನ್ನಿ, ಗಾಬರಿ ಬೇಡ. ಈ ಸಂದೇಶ ತಲುಪಿಸಿದವರು ತಿಯಾ ಕುಲಾಸ ವಿನೆಗರ್."

"ನಮ್ಮೋರು ಕಾಸು ನಿಲ್ಲಿಸಿಬಿಟ್ಟಿದಾರಲ್ಲ?" ಎಂದೆ.

"ದಿನಾ ಕೇಳೋ ಆ ಕೊನೇ ಸಾಲು ಇಲ್ದಿದ್ರೆ ಬೆಟ್ಟದೋರು ನಂಬಲ್ಲ ಕಣೆ. ಯಾವನೋ ಹುಡುಗಾಟ ಆಡ್ತಿದಾನೆ ಅಂತಾರೆ."

ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಹಿಡಿಯಲಿ?

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಲೋಲ ಕಂಕುಳಲ್ಲಿ ಕೋಳಿಯೊಂದನ್ನು ಇರುಕಿಕೊಂಡು ಆಸ್ಪತ್ರೆಗೆ ಬಂದಳು. ಅಪ್ಪನ ತಲೆಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಳು. ಆಪರೇಷನ್ನಿಗೆ ಅಪ್ಪನನ್ನು ಒಳಗೆ ಕರೆದೊಯ್ದ ಮೇಲೆ ಕೋಳಿಯನ್ನು ನನ್ನ ಮಡಿಲಿಗೆ ಹಾಕಿದಳು.

"ಇದು ನಿಮ್ಮ ವಿನೆಗರ್ ಯಜಮಾನಮ್ಮಂಗೆ. ದೇವ್ರು ಅವರನ್ನ ಚೆನ್ನಾಗಿಟ್ಟಿರ್ಲಿ. ನಿಮ್ಮಪ್ಪನ ಆಪರೇಷನ್ ಏನಾಯ್ತು ಅಂತ ನಾಳೆ ರೇಡಿಯೋದಲ್ಲಿ ಹೇಳಿಸ್ಬಿಡು ಮಗಾ. ಊರೋರೆಲ್ಲ ಕಾಯ್ಕೊಂಡು ಕೂತಿರ್ತಾರೆ."

ಮಾನೊಂಗ್ ಆಗಲೇ ತಮ್ಮ ಕೊನೆಯ ಸಂದೇಶ ಓದಿ ಮುಗಿಸಿದ್ದರು. ನಾನು ಕೋಳಿಯ ಕಾಲು ಹಿಡಿದುಕೊಂಡು ಹ್ಞೂಂ ಅಂದೆ.