ಹನ್ನೆರಡರ ಸೈರನ್ನು

"ಇಳಿಸ್ರಪ್ಪ, ಇಳಿಸಿ!" ಎಂದು ಕ್ಲಾರಿನೆಟ್ಟಿನವನು ಕೂಗುವಷ್ಟರಲ್ಲಿ ಶವಪೆಟ್ಟಿಗೆ ನಾಲ್ಕನೇ ಸಲ ನೆಲ ಮುಟ್ಟಿತ್ತು. ಹೊತ್ತವರು ಬ್ಯಾಂಡಿನ ಆರು ಜನ. ಆರೂ ಜನರ ಉಸಿರು ಒಟ್ಟುಗೂಡಿಸಿದರೂ ಒಬ್ಬ ಗಟ್ಟಿ ಆಳಿಗೆ ಸಾಲುತ್ತಿರಲಿಲ್ಲ. ಒಬ್ಬ ಕೆಮ್ಮಿದರೆ ಸಾಕು, ಆ ಕೆಮ್ಮು ಬೀದಿಯ ತುದಿಯವರೆಗೂ ಬಾಯಿಂದ ಬಾಯಿಗೆ ಹೋಗಿ, ತಿರುಗಿ ಅವನ ಹತ್ತಿರವೇ ಬರುತ್ತಿತ್ತು.

"ಸತ್ತೋನೇ ಹಗುರ ಕಣೋ. ನಮ್ಮನ್ನ ನಾವು ಹೊರೋದೇ ಭಾರ ಆಗಿದೆ," ಎಂದ ಕ್ಲಾರಿನೆಟ್ಟಿನವನು, ಎದೆ ನೀವಿಕೊಳ್ಳುತ್ತ.

ಡ್ರಮ್ಮಿನವನು ಗಡಿಯಾರ ನೋಡಿದ. ಹನ್ನೆರಡಕ್ಕೆ ಹದಿನೇಳು ನಿಮಿಷ. "ಏಳ್ರೋ. ಹನ್ನೆರಡರೊಳಗೆ ಗುಂಡಿ ಹತ್ರ ಇರ್ಬೇಕು. ಮಾತು ಕೊಟ್ಟಿದೀನಿ."

"ಅವನೇನು ಎದ್ದು ಓಡ್ತಾನಾ?"

"ಅವನು ಓಡಲ್ಲ. ಕಾರ್ಖಾನೆ ಸೈರನ್ನು ಕಾಯಲ್ಲ."

ಪೆಟ್ಟಿಗೆಯೊಳಗಿದ್ದವನು ಬ್ಯಾಂಡಿನ ಟ್ರಂಪೆಟ್ಟಿನವನು, ಬೀದಿಗೆಲ್ಲ 'ತುತ್ತೂರಿ'. ಮದುವೆಗೂ ಊದಿದ, ಸಾವಿಗೂ ಊದಿದ; ಎರಡೂ ಇಲ್ಲದ ದಿನ ತನ್ನ ತುತ್ತೂರಿ ತಾನೇ ಊದಿಕೊಂಡ.

*

ಪ್ರಾಯದಲ್ಲಿ ಅವನ ಉಸಿರೆಂದರೆ ಉಸಿರು. ಕಾರ್ಖಾನೆಯ ಸೈರನ್ನು ಹನ್ನೆರಡಕ್ಕೆ ಪೂರ್ತಿ ಒಂದು ನಿಮಿಷ ಕೂಗುತ್ತಿತ್ತು. ತುತ್ತೂರಿ ದಿನಾ ಮಾಳಿಗೆ ಹತ್ತಿ, ಅದೇ ಸ್ವರ ಹಿಡಿದು, ಅದು ನಿಂತ ಮೇಲೂ ಎಳೆಯುತ್ತಿದ್ದ. ಎಷ್ಟು ಹೊತ್ತು? ಕೆಳಗಿನ ಅಂಗಡಿಯಲ್ಲಿ ಕ್ಷೌರಕ್ಕೆ ಕೂತವನ ಗಡ್ಡ ಬೋಳಿಸಿ ಮುಗಿದು, ಮತ್ತೆ ಚಿಗುರುವಷ್ಟು ಹೊತ್ತು! ಆ ಸ್ವರಕ್ಕೆ ಹೆದರಿ ನಲ್ಲಿಯಲ್ಲಿ ನೀರು ಬಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಆಮೇಲೆ ಕಾರ್ಖಾನೆಗೆ ಎರಡನೇ ಚಿಮಣಿ ಬಂತು, ಮೂರನೆಯದೂ ಬಂತು. ಕಿಟಕಿಯ ಸರಳಿನ ಮೇಲೆ, ತಲೆದಿಂಬಿನ ಮೇಲೆ, ಹಾಲಿನ ಕೆನೆಯ ಮೇಲೆ ಕರಿಪುಡಿ. ಮಕ್ಕಳ ಶಾಲೆಚೀಲದಲ್ಲಿ ಪೆನ್ಸಿಲ್ಲಿನ ಪಕ್ಕ ಇನ್‌ಹೇಲರ್. ಯಾರೋ ಬಂದು ಗಾಳಿ ಅಳೆಯುವ ಯಂತ್ರ ಇಟ್ಟರು. ಮೂರೇ ದಿನಕ್ಕೆ ಅದರ ಉಸಿರೂ ಕಟ್ಟಿತು. ತುತ್ತೂರಿ ಮೊದಮೊದಲು ಸೈರನ್ನಿನ ಜೊತೆಗೇ ನಿಲ್ಲತೊಡಗಿದ, ಆಮೇಲೆ ಅರ್ಧದಲ್ಲಿ. ಕೊನೆಗೆ ಮಾಳಿಗೆಯ ಮೆಟ್ಟಿಲೇ ಅವನಿಗೆ ಬೆಟ್ಟವಾಯಿತು.

"ದಿನಕ್ಕೆ ಎಷ್ಟು ಸೇದ್ತೀರಿ?" ಎಂದು ಡಾಕ್ಟರು ಕೇಳಿದಾಗ ಡ್ರಮ್ಮಿನವನು ಪಕ್ಕದಲ್ಲೇ ಇದ್ದ.

"ನಾನೆಲ್ಲಿ ಸೇದ್ಲಿ ಡಾಕ್ಟ್ರೇ? ಮೂರು ಚಿಮಣಿ ಸೇದ್ತವೆ. ನುಂಗೋ ಕೆಲಸ ಮಾತ್ರ ನಂದು."

ಡಾಕ್ಟರು ನಗಲು ಹೋಗಿ ಕೆಮ್ಮಿದರು.

ಕೊನೆಯ ವಾರ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು, ತುತ್ತೂರಿ ಡ್ರಮ್ಮಿನವನ ಬೆರಳು ಹಿಡಿದ. "ಲೋ... ನನ್ನ ಮಣ್ಣು ಮಾಡೋ ದಿನ... ಅದು ಕೂಗ್ದಾಗ... ಊದ್ರೋ. ಅದು ನಿಂತ ಮೇಲೂ... ಒಂದು ಚೂರು... ಆಯ್ತಾ?"

ಅಷ್ಟು ಮಾತಿಗೆ ಹನ್ನೊಂದು ಉಸಿರು ಬೇಕಾಯಿತು. ತಾಳದ ಕೈ, ಡ್ರಮ್ಮಿನವನು ಎಣಿಸದೆ ಇರಲಾರ.

*

ಗುಂಡಿಯ ಪಕ್ಕ ಪೆಟ್ಟಿಗೆ ಇಳಿಸುವುದಕ್ಕೂ ಸೈರನ್ನು ಏಳುವುದಕ್ಕೂ ಸರಿಹೋಯಿತು.

ಕ್ಲಾರಿನೆಟ್ಟಿನವನು ತುತ್ತೂರಿಯ ಟ್ರಂಪೆಟ್ಟು ತುಟಿಗಿಟ್ಟ. ಸ್ವರ ಎದ್ದಿತು, ಎಣಿಕೆ ಒಂಬತ್ತು ಮುಟ್ಟುವಾಗ ಕೆಮ್ಮಾಗಿ ಮುರಿಯಿತು. "ಇಲ್ಲಿ ಕೊಡೋ!" ಎಂದು ಸ್ಯಾಕ್ಸೊಫೋನಿನವನು ಕಸಿದುಕೊಂಡ. ಆರು. ಅವನ ಕೈಯಿಂದ ಅವನ ತಮ್ಮ. ನಾಲ್ಕು. ಡ್ರಮ್ಮಿನವನು ಹುಟ್ಟಿದಾಗಿನಿಂದ ಊದಿದವನಲ್ಲ. ಕೆನ್ನೆ ಉಬ್ಬಿಸಿದರೆ ಎಮ್ಮೆ ಕೂಗಿದಂತಾಯಿತು. ಅದೂ ಮೂರೇ ಎಣಿಕೆ. ಯಾರೂ ನಗಲಿಲ್ಲ. ಎರಡನೇ ಸುತ್ತು ಮುಗಿಯುವಾಗ ಎಲ್ಲರೂ ಮೊಣಕಾಲು ಹಿಡಿದು ಬಗ್ಗಿದ್ದರು. ಸೈರನ್ನು ಮಾತ್ರ, ಉಸಿರೇ ಬೇಡದ ಪ್ರಾಣಿ, ಕೂಗುತ್ತಲೇ ಇತ್ತು.

ತುತ್ತೂರಿಯ ಹೆಂಡತಿ ಕೈ ಚಾಚಿದಳು.

"ಬೇಡ ಅತ್ತಿಗೆ, ನಿಮಗೇ ಉಬ್ಬಸ..."

"ಕೊಡಪ್ಪ. ಇಷ್ಟು ವರ್ಷ ಅದನ್ನ ಉಜ್ಜಿ ಹೊಳಪು ಬರ್ಸಿದೋಳು ನಾನು."

ಅವಳು ಪೆಟ್ಟಿಗೆಯ ಮೇಲೆ ಬಾಗಿ ಊದಿದಳು. ಸ್ವರ ಬರಲಿಲ್ಲ. ಬಂದದ್ದು ಬರೀ ಗಾಳಿ, ಅವಳ ಪಕ್ಕದ ದಿಂಬಿನಿಂದ ಎಷ್ಟೋ ತಿಂಗಳು ಕೇಳಿಬಂದಿದ್ದ ಅದೇ ಸುಯ್ ಸುಯ್.

ಸೈರನ್ನು ನಿಂತಿತು.

ಅವಳು ನಿಲ್ಲಿಸಲಿಲ್ಲ. ಟ್ರಂಪೆಟ್ಟಿನ ಬಾಯಿಂದ ಹೊರಟ ಗಾಳಿಗೆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಿದ್ದ ಕರಿಪುಡಿ ಚೂರುಚೂರೇ ಸರಿದು, ಅಂಗೈಯಗಲದ ಮರ ಬೆಳ್ಳಗೆ ಕಂಡಿತು. ಡ್ರಮ್ಮಿನವನು ಎಣಿಸತೊಡಗಿದ: ಒಂದು, ಎರಡು...