ಎರಡು ಟ್ಯಾಬ್, ಒಂದು ಮಾವಿನಕಾಯಿ

ಅನೀಸ್ ಅಹಮದ್ ಟ್ಯಾಬನ್ನು ತಲೆಕೆಳಗು ಮಾಡಿ ತೊಡೆಯ ಮೇಲಿಟ್ಟುಕೊಂಡರು. ಒಳಗಿದ್ದ ಚಿತ್ರ ಒಂದು ಗಳಿಗೆ ಯೋಚನೆ ಮಾಡಿ, ತಾನೂ ತಿರುಗಿ ನೆಟ್ಟಗಾಯಿತು. ಅಡ್ಡ ತಿರುಗಿಸಿದರು. ಆಗಲೂ ಅಷ್ಟೇ, ಮತ್ತೆ ನೆಟ್ಟಗೆ.

"ಇದಕ್ಕೆ ನನಗಿಂತ ಹಟ ಜಾಸ್ತಿ," ಅಂದರು.

"ತಿರುಗದ ಹಾಗೆ ಲಾಕ್ ಮಾಡ್ಬೋದು, ಬಡೇ ಅಬ್ಬಾ," ಎಂದು ತಮ್ಮನ ಮಗ ಫರ್ಹಾನ್ ಕೈ ಚಾಚಿದ. "ಆದ್ರೆ ತಿರುಗಿಸೋದು ಯಾಕೆ? ನೆಟ್ಟಗೆ ಇಟ್ಕೊಂಡೇ ಬರೀಬೋದಲ್ಲ."

ಯಾಕೆ ಎಂದರೆ ಏನು ಹೇಳುವುದು. ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯ ಅಂಚು ಬರೆದುಕೊಡುತ್ತಲೇ ಅನೀಸರ ತಲೆ ನೆರೆದಿತ್ತು. ಅವರು ಬರೆಯುವಾಗ ಕೈ ಇದ್ದಲ್ಲೇ ಇರುತ್ತಿತ್ತು, ಗ್ರಾಫ್ ಹಾಳೆ ತಿರುಗುತ್ತಿತ್ತು. ಅಂಚಿನ ಮಾವಿನಕಾಯಿ ಚಿತ್ತಾರದ ಹೊಟ್ಟೆಗೆ ಒಂದು ಸಲ, ಮೂತಿಯ ಸುರುಳಿಗೆ ಇನ್ನೊಂದು ಸಲ. ಉಸ್ತಾದರು ಕಲಿಸಿದ್ದೇ ಹಾಗೆ, ಬೇರೆ ಥರ ಬರೆಯಲು ಅವರಿಗೆ ಬರುತ್ತಿರಲಿಲ್ಲ.

ಈಗ ಹಾಳೆಗೇ ಕುತ್ತು ಬಂದಿತ್ತು. ಅವರಿಂದ ಅಂಚು ಬರೆಸುವ ಮಗ್ಗದ ಮಾಲೀಕ ಕೆಂಪರಾಜ್ ತನ್ನ ಶೆಡ್ಡಿನ ಮಗ್ಗಗಳಿಗೆಲ್ಲ ಡಿಸೈನು ಎತ್ತುವ ಕಂಪ್ಯೂಟರ್ ಜಕಾರ್ಡ್ ಹಾಕಿಸಿದ್ದ. ಹಾಳೆ ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುವ ಕೆಲಸ ಮುಗಿದುಹೋಯಿತು, ಡಿಸೈನು ಇನ್ನು ಫೈಲಾಗಿಯೇ ಬರಬೇಕು. ಅನೀಸ್ ಟ್ಯಾಬಿನಲ್ಲಿ ಬರೆದುಕೊಟ್ಟರೆ ಸರಿ, ಇಲ್ಲವಾದರೆ ಕೆಲಸವೆಲ್ಲ ಬೆಂಗಳೂರಿನ ಯಾವುದೋ ಡಿಸೈನ್ ಆಫೀಸಿಗೆ. ಈ ಮಾತನ್ನು ಫೋನಿನಲ್ಲಿ ಹೇಳಲು ಅವನಿಗೆ ಮನಸ್ಸಾಗಲಿಲ್ಲ. ನಿಕ್ಕರು ಹಾಕಿಕೊಂಡು ಅಪ್ಪನ ಬೆನ್ನ ಹಿಂದೆ ಈ ಮನೆಗೆ ಬರುತ್ತಿದ್ದವನು ಅವನು. ಮಗಳು ಚೈತ್ರಳ ಆಂಡ್ರಾಯ್ಡ್ ಟ್ಯಾಬನ್ನು ಕಂಕುಳಲ್ಲಿಟ್ಟುಕೊಂಡು ತಾನೇ ಬಂದು ದಿವಾನದ ಮೇಲೆ ಕೂತಿದ್ದ. ದೇವನಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವ ಫರ್ಹಾನ್ ತನ್ನ ಐಪ್ಯಾಡ್ ಹಿಡಿದು ಬಂದಿದ್ದ. ಇಬ್ಬರೂ ಹೆಣ್ಣು ತೋರಿಸಲು ಬಂದ ದಲ್ಲಾಳಿಗಳ ಥರ ತಂತಮ್ಮದನ್ನು ಹೊಗಳುತ್ತಿದ್ದರು.

"ನಮ್ದಕ್ಕೆ ಮೆಮೊರಿ ಕಾರ್ಡ್ ಹಾಕ್ಬೋದು. ನಿಮ್ದಕ್ಕೆ?" ಕೆಂಪರಾಜ್ ಕೇಳಿದ.

ಫರ್ಹಾನ್ ಪೆನ್ನು ಮುಂದೆ ಚಾಚಿ, "ಹಾಕೋಕಾಗಲ್ಲ, ಅಣ್ಣ. ಆದ್ರೆ ಇದರ ಪೆನ್ ಹಿಡಿದು ನೋಡಿ. ಎಷ್ಟು ಒತ್ತಿದ್ರೆ ಅಷ್ಟು ದಪ್ಪ," ಅಂದ.

"ಒತ್ತಿದ್ರೆ ದಪ್ಪ ಆಗೋದು ನಮ್ದರಲ್ಲೂ ಐತೆ ಗುರು. ಮೊದಲು ಅಲ್ಲಿಂದ ಫೈಲ್ ಈಚೆ ತೆಗೆಯೋ ಕಷ್ಟ ಹೇಳು."

"ಯಾವ ಕಾಲದಲ್ಲಿದೀರ? ಪೆನ್‌ಡ್ರೈವ್ ಇದಕ್ಕೂ ಹಾಕ್ಬೋದು."

ಅನೀಸರಿಗೆ ಈ ಜಗಳ ಬೇಕಿರಲಿಲ್ಲ. ಅವರ ಕುತೂಹಲವೇ ಬೇರೆ. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಒಳಗೆ ಹಾಡುವವರು ಎಲ್ಲಿ ಎಂದು ಹುಡುಕಿ ಏಟು ತಿಂದವರು. "ಬ್ಯಾಟರಿ ಸತ್ರೆ ಒಳಗಿರೋ ಚಿತ್ರಾನೂ ಸಾಯ್ತದಾ?" ಎಂದು ಕೇಳಿದರು. "ಒಂದರಲ್ಲಿ ಬರೆದಿದ್ದನ್ನ ಇನ್ನೊಂದು ಓದ್ತದಾ, ಇಲ್ಲ ಭಾಷೆ ಬೇರೆನಾ?" ಎಂದು ಕೇಳಿದರು. ಐಪ್ಯಾಡನ್ನು ಮಗುಚಿ, ಬೆನ್ನ ಮೇಲೆ ಸಾಸಿವೆಗಿಂತ ಸಣ್ಣದಾಗಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡರು. ಟೀ ತಂದ ಮಗಳು ತಂಜೀಲಾ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು. ಕಣ್ಣು ಮಂಜಾಗಿದೆ ಎಂದು ಅಬ್ಬಾ ಹೇಳಿದ್ದಕ್ಕೆ ಎಷ್ಟೋ ತಿಂಗಳಿಂದ ಗ್ರಾಫಿನ ಚೌಕಗಳಿಗೆ ಬಣ್ಣ ತುಂಬುತ್ತಿದ್ದವಳು ಅವಳು. ಕನ್ನಡಕ ಅವರ ಜೇಬಿನಲ್ಲೇ ಇತ್ತು.

ಕಣ್ಣಿಗೆ ಏನೂ ಆಗಿರಲಿಲ್ಲ. ಹೋದ ರಂಜಾನಿನಿಂದ ಅನೀಸರ ಬಲಗೈ ನಡುಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನಡುಗುವ ಕೈಗೆ ಯಾರು ಕೆಲಸ ಕೊಡುತ್ತಾರೆ ಎನ್ನುವ ಹೆದರಿಕೆ ಅವರ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಹಳೆಯ ಅಂಚುಗಳನ್ನೇ ತಿರುವಿ ಮುರುವಿ, ಮಗಳ ಕೈಯಲ್ಲಿ ತುಂಬಿಸಿ ಕಳಿಸುತ್ತಿದ್ದರು. ಟೀಯನ್ನು ಅರ್ಧ ಲೋಟವೇ ಹಾಕಿಸಿಕೊಳ್ಳುತ್ತಿದ್ದರು, ಸಕ್ಕರೆ ಕಮ್ಮಿ ಮಾಡಬೇಕು ಎಂಬ ಸಬೂಬು ಹೇಳಿ. ಆ ಅರ್ಧ ಲೋಟವನ್ನೂ ಯಾರೂ ನೋಡದಾಗ ಎತ್ತುತ್ತಿದ್ದರು.

"ಹೂಂ, ಈಗ ಒಂದು ಮಾವಿನಕಾಯಿ ಬಿಡಿಸಿ," ಅಂದ ಕೆಂಪರಾಜ್.

"ತಂಜೀಲಾ ಬರೀತಾಳೆ ಬಿಡಪ್ಪ."

"ಅವಳು ಬರೀಲಿ, ಬೇಡ ಅಂದೋರು ಯಾರು. ಆದ್ರೆ ನಾನು ಬಂದಿರೋದು ನಿಮ್ ಕೈ ನೋಡಕ್ಕೆ, ಅನೀಸ್ ಭಾಯ್."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅನೀಸ್ ಕರವಸ್ತ್ರವನ್ನು ಮಡಿಸಿ, ಅಂಗೈ ಬೆವರು ಹಾಳೆಗೆ ತಾಗದಿರಲೆಂದು ಯಾವತ್ತೂ ಇಡುವಂತೆ ಐಪ್ಯಾಡಿನ ಗಾಜಿನ ಮೇಲಿಟ್ಟರು. ಫರ್ಹಾನ್ ನಕ್ಕ. ಪೆನ್ನು ಗಾಜಿಗೆ ತಾಗಿತು. ಹೊಟ್ಟೆ ಬಂತು, ಬೆನ್ನು ಬಂತು, ಮೂತಿ ಬಂತು. ಗೆರೆ ಬೆಣ್ಣೆಯ ಹಾಗೆ ಜಾರಿತ್ತು, ಒಂದು ಕಡೆಯೂ ಅಲುಗಿರಲಿಲ್ಲ.

ಅನೀಸ್ ಉಸಿರು ಹಿಡಿದು ನೋಡಿದರು. ಇನ್ನೊಂದು ಬರೆದರು. ಅದೂ ಹಾಗೇ. ಕೈ ಸರಿಹೋಯಿತೇ, ಎಂದು ಅವರ ಮನಸ್ಸು ಹುಡುಗನಂತೆ ಕುಣಿಯಿತು. ಅಲ್ಲಾಹ್, ಎಷ್ಟು ರಾತ್ರಿ ಕೇಳಿಕೊಂಡಿದ್ದೆ. ನವಿಲಿನ ಕತ್ತೊಂದನ್ನು ಎಳೆದು ಗಟ್ಟಿಯಾಗಿ ನಕ್ಕುಬಿಟ್ಟರು.

"ನಿಲ್ಲಿ, ನಮ್ದರಲ್ಲೂ ಬರೀರಿ. ಅನ್ಯಾಯ ಆಗ್ಬಾರ್ದು," ಎಂದು ಕೆಂಪರಾಜ್ ಚೈತ್ರಳ ಟ್ಯಾಬನ್ನು ಮುಂದೆ ತಳ್ಳಿದ.

ಅದೇ ಕರವಸ್ತ್ರ, ಅದೇ ಕೈ, ಅದೇ ಮಾವಿನಕಾಯಿ. ಆದರೆ ಗೆರೆ ಮಾತ್ರ ಇರುವೆ ಸಾಲಿನ ಹಾಗೆ ವಾಲಾಡಿಕೊಂಡು ಹೋಯಿತು. ಕೆಂಪರಾಜ್ ಬಗ್ಗಿ ನೋಡಿದ.

ಫರ್ಹಾನ್ ಬಾಯಿಗೆ ಬೀಗ ಎಲ್ಲಿಯದು. "ಅದು ಟ್ಯಾಬಿನ ತಪ್ಪಲ್ಲ ಅಣ್ಣ. ನನ್ನ ಆ್ಯಪ್‌ನಲ್ಲಿ ಗೆರೆ ನೈಸ್ ಮಾಡೋ ಸೆಟ್ಟಿಂಗ್ ಆನ್ ಇದೆ, ನಿಮ್ದರಲ್ಲಿ ಆಫ್. ಆನ್ ಮಾಡಿದ್ರೆ ಕೈ ಹೆಂಗೇ ನಡುಗಿದ್ರೂ..." ಅಂದವನು ದೊಡ್ಡಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಅನೀಸರ ಮುಖ ಸಣ್ಣದಾಯಿತು. ಪೆನ್ನು ಕೆಳಗಿಟ್ಟು, ಬಲಗೈಯನ್ನು ಎಡಗೈಯೊಳಗೆ ಬಚ್ಚಿಟ್ಟುಕೊಂಡರು. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಕೈ ಸರಿಹೋಯಿತೆಂದು ಒಂದು ಗಳಿಗೆ ನಂಬಿದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂತು.

"ಕಣ್ಣಲ್ಲ ಅಲ್ವಾ, ಅಬ್ಬಾ," ಅಂದಳು ತಂಜೀಲಾ.

ಅವರು ಹೌದೆಂದು ತಲೆಯಾಡಿಸಿದರು.

"ಅದಕ್ಕೇನೀಗ? ಆನ್ ಮಾಡ್ಕೊಂಡೇ ಬರೆದ್ರಾಯ್ತು," ಎಂದ ಕೆಂಪರಾಜ್. ಅವನ ದನಿ ತಗ್ಗಿತ್ತು.

"ಇಲ್ಲಪ್ಪ." ಅನೀಸ್ ಐಪ್ಯಾಡಿನ ಮಾವಿನಕಾಯಿಯನ್ನು ಮತ್ತೆ ನೋಡಿದರು. ಖುಷಿಯಲ್ಲಿ ಕಾಣದಿದ್ದದ್ದು ಈಗ ಕಂಡಿತು. "ಮೂತಿ ನೋಡು. ನಾನು ಸುರುಳಿ ಸುತ್ತಿದ್ದೆ, ಇದು ಅದನ್ನ ಉಜ್ಜಿ ಉಂಡೆ ಮಾಡಿದೆ. ನಡುಕದ ಜೊತೆ ಸುರುಳೀನೂ ತಿಂದುಬಿಟ್ಟಿದೆ. ಇದು ನಮ್ಮ ಮಾವಿನಕಾಯಿ ಅಲ್ಲ."

ತಂಜೀಲಾ ನೆಲದ ಮೇಲೆ ಕೂತು ಚೈತ್ರಳ ಟ್ಯಾಬನ್ನು ಎಳೆದುಕೊಂಡಳು. ಅಲ್ಲಿ ಇಲ್ಲಿ ಒತ್ತಿದಳು. ಫರ್ಹಾನನನ್ನು ಏನೋ ಕೇಳಿದಳು, ಅವನು ಬೆರಳು ತೋರಿಸಿದ. ಪರದೆಯ ತುಂಬ ಗ್ರಾಫ್ ಹಾಳೆಯ ಸಣ್ಣ ಸಣ್ಣ ಚೌಕಗಳು ಮೂಡಿದವು. ಅವಳು ಎರಡು ಬೆರಳಿಟ್ಟು ಹರಡಿದಳು. ಚೌಕಗಳು ದೊಡ್ಡವಾದವು. ಇನ್ನೂ ಹರಡಿದಳು. ಒಂದೊಂದು ಚೌಕ ಬೆಂಕಿಪೊಟ್ಟಣದಷ್ಟಾಯಿತು.

"ಒಂದು ಚೌಕ ಮುಟ್ಟಿ, ಅಬ್ಬಾ."

ಅನೀಸ್ ಪೆನ್ನು ಹಿಡಿದರು. ಕೈ ನಡುಗಿತು, ಆದರೆ ನಡುಕ ಚೌಕದ ಗೋಡೆ ದಾಟಿ ಹೋಗಲಿಲ್ಲ. ಪೆನ್ನು ತಾಗಿದ್ದೇ ಚೌಕ ಪೂರ್ತಿ ಕೆಂಪಾಯಿತು. ಪಕ್ಕದ್ದನ್ನು ಮುಟ್ಟಿದರು. ಮೇಲೆ ಒಂದು ಬಿಟ್ಟು ಇನ್ನೊಂದು. ಮಗ್ಗದಲ್ಲಿ ಯಾವ ಚೌಕಕ್ಕೆ ಎಳೆ ಏಳಬೇಕು, ಯಾವುದಕ್ಕೆ ಕೂರಬೇಕು ಎಂಬುದು ಅವರಿಗೆ ಬಾಯಿಪಾಠ. ಅಭ್ಯಾಸಬಲದಿಂದ ಟ್ಯಾಬನ್ನು ತಿರುಗಿಸಿದರು. ಫರ್ಹಾನ್ ಅದಾಗಲೇ ಲಾಕ್ ಮಾಡಿದ್ದ, ಚೌಕಗಳು ಹಾಳೆಯ ಹಾಗೆ ಟ್ಯಾಬಿನ ಜೊತೆಗೇ ತಿರುಗಿದವು. ಕೆಂಪರಾಜ್ ದಿವಾನದಿಂದ ಇಳಿದು ಚಾಪೆಯ ಮೇಲೆ ಕೂತ.

ಬಹಳ ಹೊತ್ತಿನ ಮೇಲೆ ತಂಜೀಲಾ ಬೆರಳುಗಳನ್ನು ಹತ್ತಿರ ತಂದಳು. ಚೌಕಗಳು ಕುಗ್ಗಿ ಕುಗ್ಗಿ ಒಂದು ಪುಟ್ಟ ಮಾವಿನಕಾಯಿ ನಿಂತಿತು. ಮೂತಿಯ ಸುರುಳಿ ಇದ್ದಲ್ಲೇ ಇತ್ತು.

"ನೋಡ್ದಾ, ನಮ್ದರಲ್ಲೇ ಆಗಿದ್ದು," ಅಂದ ಕೆಂಪರಾಜ್.

"ಇದರಲ್ಲೂ ಆಗ್ತದೆ ಅಣ್ಣ," ಅಂದ ಫರ್ಹಾನ್.

"ಸುಮ್ನಿರಪ್ಪ. ಇದು ಇಲ್ಲೇ ಇರ್ಲಿ. ಚೈತ್ರಂಗೆ ನಾನು ಹೇಳ್ಕೋತೀನಿ." ಕೆಂಪರಾಜ್ ಬಾಗಿಲ ಕಡೆ ನೋಡಿದವನು ಏಳದೆ, "ಆ ಟೀ ತಣ್ಣಗಾಗೋಯ್ತು ತಂಜೀಲಾ. ಬಿಸಿ ಮಾಡಿ ಕೊಡ್ತೀಯೇನಮ್ಮಾ?" ಅಂದ.

ಅವಳು ಹೊಸದಾಗಿಯೇ ಕಾಯಿಸಿ ತಂದಳು. ಅಬ್ಬಾನ ಲೋಟ ಅರ್ಧ ತುಂಬುತ್ತಿದ್ದಂತೆ ಕೈ ತಡೆದಳು.

"ಪೂರ್ತಿ ಹಾಕು," ಅಂದರು ಅನೀಸ್.

ಹಾಕಿದಳು. ಅವರು ಎಲ್ಲರ ಮುಂದೆ ಬಲಗೈಯಲ್ಲೇ ಲೋಟ ಎತ್ತಿದರು. ಟೀ ತುಳುಕಿ ಹೆಬ್ಬೆರಳ ಮೇಲೆ ಹರಿದು ಚಾಪೆಗೆ ತೊಟ್ಟಿಕ್ಕಿತು. ಕೆಂಪರಾಜ್ ತನ್ನ ಟೀ ಕುಡಿಯುತ್ತಲೇ ಟ್ಯಾಬನ್ನು ಒಂದಿಷ್ಟು ಆಚೆಗೆ ಸರಿಸಿದ.