ಚಕ್ರಕ್ಕೆ ಕಟ್ಟಿದ ಕಂಕಣ

ಹೊಸಬಾಳೆಯ ಗುಡ್ಡದ ಮೇಲಿನ ಈಶ್ವರನ ಎದುರಿಗೆ ಬಸವಣ್ಣ ಇರಲಿಲ್ಲ. ಎತ್ತಿಲ್ಲದ ರೈತನ ಹಾಗೆ ಶಿವ ಎಷ್ಟೋ ಕಾಲದಿಂದ ಒಬ್ಬನೇ ಕೂತಿದ್ದ. ಮಗಳು ಅಶ್ವಿನಿ ಕೂಸಾಗಿದ್ದಾಗ ಜ್ವರ ನೆತ್ತಿಗೇರಿದ ದಿನ ಪರಮಶಿವಪ್ಪ ಗುಡ್ಡದ ಕಡೆ ಕೈಮುಗಿದು, "ಇವಳನ್ನ ಉಳಿಸು ತಂದೆ, ನನ್ನ ಕೈಯಾರೆ ಬಸವಣ್ಣನ್ನ ತಂದು ನಿನ್ನ ಮುಂದೆ ಕೂರಿಸ್ತೀನಿ" ಎಂದು ಹರಕೆ ಹೊತ್ತಿದ್ದ. ಶಿವ ತನ್ನ ಪಾಲಿನ ಕೆಲಸ ಅವತ್ತೇ ಮುಗಿಸಿದ. ಪರಮಶಿವಪ್ಪ ತನ್ನದನ್ನು ಇಪ್ಪತ್ತೆರಡು ವರ್ಷ ಮುಂದಕ್ಕೆ ಹಾಕಿದ.

ಅಶ್ವಿನಿಯ ಮದುವೆಯೂ ಆದ ಮೇಲೆ ಅವನಿಗೆ ನಿದ್ದೆ ಹತ್ತದಾಯಿತು. ಕುಬಟೂರಿನ ಕಲ್ಲುಕುಟಿಗನಿಂದ ಎರಡು ಕ್ವಿಂಟಲ್ ತೂಕದ ಬಸವಣ್ಣನನ್ನು ಮಾಡಿಸಿ ತಂದ. ಮಠದ ಅಯ್ಯನವರು ತೊಂಬತ್ತೇಳರ ಕಡೇ ಕಾರ್ತಿಕ ಸೋಮವಾರ, ಮಧ್ಯಾಹ್ನ ಹನ್ನೆರಡರೊಳಗೆ ಎಂದು ಮುಹೂರ್ತ ಇಟ್ಟರು. ಆಮೇಲೆ ಎಲ್ಲರಿಗೂ ನೆನಪಾದದ್ದು, ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅದು ಬಸವನಿಗೆ ರಜೆಯ ದಿನ. ಬಸವಣ್ಣನನ್ನೇ ಒಯ್ಯುವುದಾದರೂ ರಜೆ ರಜೆಯೇ.

"ಎತ್ತು ಯಾಕ್ರೀ, ನಮ್ಮ ಜೀಪಿಲ್ವಾ?" ಎಂದ ಪರಮಶಿವಪ್ಪ. ಮಿಲಿಟರಿಯವರು ಹರಾಜು ಹಾಕಿದ ಆ ಮುದಿ ಜೀಪಿಗೆ ಒಂದೇ ಹೆಗ್ಗಳಿಕೆ, ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್.

ಭಾನುವಾರ ಸಂಜೆ ಶಿಕಾರಿಪುರದಿಂದ ಅಳಿಯ ಚನ್ನೇಶ್ ಬಂದ. ಅವನದು ಅಕ್ಕಿ ವ್ಯಾಪಾರದ ಮನೆತನ. ಬಂದದ್ದು ಲಾರಿಯಲ್ಲಿ. ಲಾರಿಯಿಂದ ಅವನ ಹಿಂದೆಯೇ ಒಂದು ಕೆಂಪು ಪ್ರಾಣಿ ಇಳಿಯಿತು. ಮೋಟರ್ ಸೈಕಲ್ಲಿಗೆ ನಾಲ್ಕು ದಪ್ಪ ಚಕ್ರ ಹಚ್ಚಿದಂತಿತ್ತು. ಹಿಂದೆ ಒಂದು ಪುಟ್ಟ ಟ್ರೇಲರು.

"ಎಟಿವಿ ಅಂತಾರ್ರೀ ಮಾವಾರ. ಗೋವಾದಾಗ ಹಿಡಿದೆ. ಮೂವತ್ತು ಕುದುರಿ ಶಕ್ತಿ ಐತಿ. ನಿಮ್ಮ ಬಸವಣ್ಣನ್ನ ನಾಳೆ ನಾನೇ ಮ್ಯಾಲೆ ಮುಟ್ಟಸ್ತೀನಿ."

ಪರಮಶಿವಪ್ಪ ದೇವರಿಗೆ ಕೊಟ್ಟ ಮಾತಿನಲ್ಲಿ ಅಳಿಯನ ಹೆಸರಿರಲಿಲ್ಲ. ಆಗ ಅಳಿಯನೇ ಇರಲಿಲ್ಲ. ಆದರೆ ಹಬ್ಬಕ್ಕೆ ಬಂದ ಹೊಸ ಅಳಿಯನಿಗೆ ಬೇಡ ಎನ್ನಲು ಯಾವ ಮಾವನ ನಾಲಿಗೆ ಹೊರಳೀತು?

"ಎಳೆಯೋದು ಎಷ್ಟು ಚಕ್ರ?" ಎಂದಷ್ಟೇ ಕೇಳಿದ.

"ಹಿಂದಿನ ಎರಡ್ರಿ. ಶಕ್ತಿ ಇದ್ದರ ಎರಡು ಸಾಕು."

"ಶಕ್ತಿ ಅಲ್ಲ ಮಾರಾಯ, ಹಿಡಿತ ಬೇಕು. ಎರಡು ಎತ್ತು ಎಳೀತಾ ಇನ್ನೆರಡು ಮೆಲುಕು ಹಾಕ್ತಾ ಇದ್ರೆ ಏರು ಹತ್ತೋದು ಉಂಟಾ?"

"ನಿಮ್ಮ ಜೀಪಿನ ನಾಲ್ಕೂ ಎತ್ತು ಮುದಿಯಾಗ್ಯಾವಲ್ರೀ!"

ಪರಮಶಿವಪ್ಪನ ಹೆಂಡತಿ ನಿರ್ಮಲಮ್ಮ ಇಬ್ಬರಿಗೂ ಒಟ್ಟಿಗೇ ಹೋಳಿಗೆ ಬಡಿಸಿ ಬಾಯಿ ಮುಚ್ಚಿಸಿದಳು. "ಮೊದ್ಲು ಅಳಿಯಂದ್ರು ನೋಡ್ಲಿ. ಆಗ್ದಿದ್ರೆ ನೀವು."

ಸೋಮವಾರ ಬೆಳಿಗ್ಗೆ ಎರಡೂ ಗಾಡಿಗೆ ಪೂಜೆಯಾಯಿತು. ಅಯ್ಯನವರು ಜೀಪಿನ ಪ್ರತಿ ಚಕ್ರದ ನಡುವಿಗೆ ವಿಭೂತಿ ಬಳಿದು, ಅರಿಶಿನ ಕೊಂಬಿನ ದಾರವನ್ನು ಎಂಟು ಸುತ್ತು ಸುತ್ತಿ ಕಂಕಣ ಕಟ್ಟಿದರು. "ಸ್ಥಾಪನೆ ಮುಗಿಯೋತನಕ ಯಾರೂ ಬಿಚ್ಚಬಾರ್ದು" ಎಂದು ಹೇಳಿ, ಊರಿನ ಗಂಡಸರನ್ನೆಲ್ಲ ಕರೆದುಕೊಂಡು ಪೀಠ ಸಿದ್ಧಮಾಡಲು ಗುಡ್ಡ ಹತ್ತಿದರು.

ಗುಡ್ಡದ ಬುಡದವರೆಗೆ ತೊಂದರೆಯಿಲ್ಲ. ಅಲ್ಲಿಂದ ಮೇಲಕ್ಕೆ ಕಡೆಯ ಏರು, ಗೋಡೆಗೆ ಏಣಿ ಒರಗಿಸಿದಂತೆ. ಸಾಲದ್ದಕ್ಕೆ, ದೇವರು ಬರುವ ದಾರಿ ಎಂದು ಊರ ಹೆಂಗಸರು ಬೆಳಗಿನ ಜಾವವೇ ಎದ್ದು, ಅಷ್ಟನ್ನೂ ಸಗಣಿ ನೀರಿನಿಂದ ಸಾರಿಸಿ ರಂಗೋಲಿ ಇಟ್ಟಿದ್ದರು. ಭಕ್ತಿಗೆ ಕುಂದಿರಲಿಲ್ಲ. ಏರು ಮಾತ್ರ ಎಣ್ಣೆ ಸವರಿದ ಕಾವಲಿಯಂತೆ ಹೊಳೆಯುತ್ತಿತ್ತು.

ಚನ್ನೇಶ್ ಟ್ರೇಲರಿನಲ್ಲಿ ಬಸವಣ್ಣನನ್ನಿಟ್ಟು ಎಟಿವಿಯ ಕಿವಿ ಹಿಂಡಿದ. ಮೂವತ್ತು ಕುದುರೆಗಳೂ ಒಮ್ಮೆಲೇ ಕೆನೆದವು. ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿ, ಸಾರಿಸಿದ ಸಗಣಿಯನ್ನೆಲ್ಲ ಬಾಚಿ ಆಕಾಶಕ್ಕೆ ಎಸೆದವು. ಆಕಾಶ ಅದನ್ನು ಇಟ್ಟುಕೊಳ್ಳಲಿಲ್ಲ. ಚನ್ನೇಶನ ಬಿಳಿ ಪ್ಯಾಂಟಿನ ಮೇಲೂ ಸಾರಿಸಿದ ಹೆಂಗಸರ ಮೇಲೂ ಸಮನಾಗಿ ಹಂಚಿತು. ಅವನು ಇನ್ನಷ್ಟು ಹಿಂಡಿದ. ಚಕ್ರ ಇನ್ನಷ್ಟು ತಿರುಗಿತು. ಗಾಡಿ ಗೇಣುದ್ದ ಹಿಂದಕ್ಕೆ ಬಂತು.

"ಕುದುರೆ ಓಡ್ತಾವೆ ಅಳಿಯಂದ್ರೇ, ನೆಲಾನೇ ನಿಲ್ತಾ ಇಲ್ಲ" ಎಂದ ಜೀಪಿನ ರಿಪೇರಿಗೆಂದು ಜೊತೆಗಿದ್ದ ಗುತ್ಯಪ್ಪ.

ಪರಮಶಿವಪ್ಪ ನಗು ನುಂಗಿ, ಎಲ್ಲರ ಕೈ ಸೇರಿಸಿ ಬಸವಣ್ಣನನ್ನು ಜೀಪಿಗೆ ಏರಿಸಿಕೊಂಡ. ಶಿವನಾಮ ಹೇಳಿ ಫೋರ್ ವೀಲ್ ಡ್ರೈವಿನ ಕೋಲು ಎಳೆದ. ಜೀಪು ನಾಲ್ಕು ಮಾರು ಏರಿತು, ನಿಂತಿತು, ಆಮೇಲೆ ಬಹಳ ಮರ್ಯಾದೆಯಿಂದ ಹಿಂಗಾಲಲ್ಲೇ ಜಾರಿ ಬುಡಕ್ಕೆ ಬಂದು ಕೂತಿತು.

"ಮಾವಾರ, ಮುಂದಿನ ಎರಡು ಎತ್ತು ಮೆಲುಕು ಹಾಕಾಕ ಹತ್ಯಾವ್ರಿ!"

ಗುತ್ಯಪ್ಪ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಹಬ್ ಲಾಕ್ ಆಗಿಲ್ಲ ಕಣ್ರೀ. ಮುಂದಿನ ಚಕ್ರದ ನಡುವಿನ ಈ ಗುಬುಟು ಕೈಯಲ್ಲಿ ತಿರುಗಿಸದೆ ಕೋಲು ಎಷ್ಟು ಎಳೆದ್ರೂ ಅಷ್ಟೇಯ."

"ತಿರುಗ್ಸು ಮತ್ತೆ."

"ಹ್ಯಾಗ್ ತಿರುಗಿಸ್ಲಿ? ಇದರ ಮೇಲೇ ಅಯ್ಯನೋರು ಎಂಟು ಸುತ್ತು ಕಂಕಣ ಬಿಗಿದಾರೆ."

ಗಂಟೆ ಹನ್ನೊಂದೂವರೆ. ಮೇಲಿಂದ ಅಯ್ಯನವರ ಶಂಖ ಒಮ್ಮೆ ಕೂಗಿತು. ಕಂಕಣ ಬಿಚ್ಚಿದರೆ ದೇವರ ಕೆಲಸಕ್ಕೆ ಭಂಗ. ಬಿಚ್ಚದಿದ್ದರೆ ಹರಕೆಗೆ ಭಂಗ. ಪರಮಶಿವಪ್ಪ ಸ್ಟೇರಿಂಗಿಗೆ ಹಣೆಯಿಟ್ಟ. ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಶಿವ ಇನ್ನರ್ಧ ಗಂಟೆ ಕಾಯಲಾರನೇ ಎನ್ನಲು ಅವನಿಗೆ ನಾಚಿಕೆಯಾಯಿತು. ತಡ ಮಾಡಿದವನು ತಾನೇ.

ನಿರ್ಮಲಮ್ಮ ಸೆರಗಿನ ಸಗಣಿ ಕೊಡವಿಕೊಂಡು ಮುಂದೆ ಬಂದಳು.

"ಮದುವೆ ಮನೇಲಿ ಮದುಮಗಂಗೆ ಸೂತಕ ಬಂದ್ರೆ ಏನ್ರೀ ಮಾಡ್ತಾರೆ? ಕಂಕಣ ಇದ್ದೋರಿಗೆ ತಾಗಲ್ಲ ಅಂತ ಕೆಲಸ ಮುಗಿಸ್ತಾರೆ. ಕಂಕಣ ಕೈಲಿರಬೇಕು, ಅಷ್ಟೇ. ಚಕ್ರಕ್ಕೆ ಕೈ ಐತಾ? ಗುತ್ಯಪ್ಪ, ಗಂಟು ಬಿಚ್ಬೇಡ, ಹಂಗೇ ಜಾರಿಸಿ ತೆಗಿ. ಎಡದ್ದು ಅಳಿಯಂದ್ರ ಕೈಗೆ, ಬಲದ್ದು ಇವರ ಕೈಗೆ. ಇವತ್ತು ಇವರಿಬ್ರೇ ಮುಂದಿನ ಚಕ್ರ!"

"ಅತ್ತಿಯಾರ, ನಾ ಚಕ್ರ ಅಂದ್ರ…"

"ಕಂಕಣ ಕಟ್ಕೊಂಡ ಮೇಲೆ ಕೆಲಸ ಬಿಟ್ಟು ಹೋಗಂಗಿಲ್ಲಪ್ಪ. ಹಿಂದಿಂದ ನೂಕಿ."

ಗುತ್ಯಪ್ಪ ವಿಭೂತಿ ಅಳಿಯದ ಹಾಗೆ ಎರಡೂ ಹಬ್ ತಿರುಗಿಸಿದ. ಪರಮಶಿವಪ್ಪ ಕಂಕಣದ ಕೈಯಲ್ಲಿ ಸ್ಟೇರಿಂಗ್ ಹಿಡಿದ. ಈ ಸಲ ಮುಂದಿನ ಚಕ್ರಗಳು ನೆಲ ಕಚ್ಚಿದವು. ಜೀಪು ಬಸುರಿ ಎಮ್ಮೆಯ ನಡಿಗೆಯಲ್ಲಿ ರಂಗೋಲಿ ತುಳಿಯುತ್ತ ಏರತೊಡಗಿತು. ನಡುವೆ ಎಂಜಿನ್ ಕೆಮ್ಮಿ ದಮ್ಮು ಕಟ್ಟಿದಾಗ ಪರಮಶಿವಪ್ಪನಿಗೆ ಅಳಿಯನ ಮೂವತ್ತು ಕುದುರೆಗಳ ಮೇಲೆ ಕ್ಷಣಕಾಲ ಆಸೆಯಾಯಿತು. ಅಷ್ಟರಲ್ಲಿ ಹಿಂದಿನಿಂದ ಚನ್ನೇಶ್ ಸಗಣಿಯಲ್ಲಿ ಮೊಣಕಾಲೂರಿ, "ಹರ ಹರಾ" ಎಂದು ಹೆಗಲು ಕೊಟ್ಟ. ಜೀಪು ಕಡೆಯ ಮಾರನ್ನೂ ದಾಟಿತು.

ಹನ್ನೆರಡಕ್ಕೆ ಐದು ನಿಮಿಷ. ಬಸವಣ್ಣನನ್ನು ಪೀಠಕ್ಕೆ ಎತ್ತುವಾಗ ಪರಮಶಿವಪ್ಪನ ಅಂಗೈ ಕಲ್ಲಿನ ಹೊಟ್ಟೆಯ ಕೆಳಗಿತ್ತು. ಅದರ ಕೆಳಗೆ ಇನ್ನೊಂದು ಅಂಗೈ ಇತ್ತು, ಸಗಣಿ ಮೆತ್ತಿದ್ದು. ಭಾರ ಹೊತ್ತದ್ದು ನಿಜವಾಗಿ ಅದೇ. ಅವನು ಕಣ್ಣುಮುಚ್ಚಿ ಶಿವನಿಗೆ ಇದ್ದದ್ದನ್ನೇ ಹೇಳಿದ: "ನನ್ನ ಕೈಯಾರೆ ಅಂದಿದ್ದೆ. ಆಗ ನನಗೆ ಎರಡೇ ಕೈ ಇದ್ವು. ಈಗ ನಾಲ್ಕಾಗಿದಾವೆ. ಒಪ್ಪಿಸ್ಕೊ." ಬಸವಣ್ಣ ಶಿವನ ಕಡೆ ಮುಖಮಾಡಿ ಕೂತ.

ಅಯ್ಯನವರು ಆರತಿ ಮುಗಿಸಿ ತಿರುಗಿದರು. ಕಂಕಣ ಕಟ್ಟಿಕೊಂಡು ನಿಂತ ಮಾವ ಅಳಿಯರನ್ನು ನೋಡಿ, "ಇದೇನ್ರಪ್ಪಾ, ಇಬ್ರಿಗೂ ಇನ್ನೊಂದು ಸಲ ಮದುವೆನಾ? ಕೊಡಿ, ಬಿಚ್ತೀನಿ" ಎಂದು ಕೈ ಚಾಚಿದರು.

ಪರಮಶಿವಪ್ಪ ಏರಿನ ಅಂಚಿಗೆ ಹೋಗಿ ಕೆಳಗೆ ಇಣುಕಿದ. ಸಗಣಿ ಬಿಸಿಲಿಗೆ ಇನ್ನೂ ಹೊಳೆಯುತ್ತಿತ್ತು. ಅವನು ಮೆಲ್ಲಗೆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿದ.

"ಅವಸರ ಏನಿಲ್ಲ ಅಯ್ಯನೋರೇ. ಜೀಪು ಕೆಳಗಿಳಿಯೋತನಕ ಇರ್ಲಿ."